ನಾನು ದಾನ ಮಾಡಿದ ಪ್ರಸಂಗ ಪೀಠ

ನಾನು ವೆಲ್ಡರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ನನ್ನ ಕೈಚಳಕವೇ ಕಾರಣ. ಕೆಲಸ ಬಾರದವನಾಗಿದ್ದರೆ ನಾನು ಇವತ್ತಿಗೂ ಗೌರವಸ್ಥನಾಗಿಯೇ ಉಳಿದಿರುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ನನಗೆ ಕೆಲಸ. ಮನೆ ಭದ್ರಾವತಿಯಲ್ಲಿ. ನಮ್ಮ ಬೀದಿಯ ಕೊನೆಗೆ ಹೆಂಚಿನ ಮಾಡಿನ ಪುಟ್ಟ ಚರ್ಚು, ಅದಕ್ಕೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಪ್ರಕಟಣೆ ಓದುವವನು, ಬೀಗದ ಕೈ ಇಟ್ಟುಕೊಳ್ಳುವವನು, ಫ್ಯಾನು ತಿರುಗದಿದ್ದರೆ ಬೈಸಿಕೊಳ್ಳುವವನು. ಇನ್ನೊಂದು ಬೀಗದ ಕೈ ಅಂತೋಣಿಯ ಸೊಂಟದಲ್ಲಿರುತ್ತಿತ್ತು. ಅವನು ಗಂಟೆ ಹೊಡೆದು, ಕಸ ಗುಡಿಸುವ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಚರ್ಚಿನ ಕೆಲಸವೇ ಅವನಿಗೆ ಎಲ್ಲವೂ ಆಗಿತ್ತು.

ಭಾನುವಾರದ ಆರಾಧನೆಯಲ್ಲಿ ನಮಗೆ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುತ್ತಿದ್ದವರು ಉಪದೇಶಿ ದಾವೀದಪ್ಪನವರು. ಹೊಳಲೂರು ಕಡೆ ಪೋಸ್ಟ್‌ಮನ್ ಆಗಿದ್ದು, ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ಅವರಿಗೆ ಕೂಗಿ ಹೇಳುವುದು ಗೊತ್ತಿರಲಿಲ್ಲ. ನರಕದ ಬೆಂಕಿಯನ್ನು ವರ್ಣಿಸುವುದಂತೂ ಬರುತ್ತಲೇ ಇರಲಿಲ್ಲ. ಮನೆ ಬಾಗಿಲಲ್ಲಿ ನಿಂತು ಕಾಗದ ಕೊಟ್ಟು ಎರಡು ಮಾತಾಡಿ ಹೋಗುವವರ ಹಾಗೆ ಮಾತಾಡುತ್ತಿದ್ದರು. ಅವರ ಪ್ರಸಂಗ ಕೇಳಿದ ಮೇಲೆ ನನಗೆ ಯಾವಾಗಲೂ ಬಹಳ ಸಂತೋಷವಾಗುತ್ತಿತ್ತು. ಏಕೆಂದರೆ ಅವರು ಹೇಳುವ ತಪ್ಪುಗಳನ್ನೆಲ್ಲ ಮಾಡುವವರು ಯಾರು ಯಾರು ಎಂದು ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತರೆ ಇಡೀ ಸಭೆಯ ತಲೆಗಳು ಕಾಣುತ್ತವಲ್ಲ!

ಒಂದು ಭಾನುವಾರ ದಾವೀದಪ್ಪನವರು ಪ್ರಸಂಗಕ್ಕೆ ನಿಲ್ಲುವ ಮರದ ಹಳೆಯ ಪೀಠಕ್ಕೆ ಕೈಯೂರಿ, "ನಮ್ಮ ನಂಬಿಕೆ ಗಟ್ಟಿಯಾಗಿರಬೇಕು" ಎಂದರು. ಪೀಠ ಕುಸಿಯಿತು. ಒಳಗೆಲ್ಲ ಗೆದ್ದಲು ತಿಂದಿತ್ತು. ಉಪದೇಶಿಗಳು ಬೀಳಲಿಲ್ಲ, ಆದರೆ ಅವರ ಕನ್ನಡಕ ಬಿತ್ತು. ಅದೇ ದಿನ ಕಮಿಟಿ ಸೇರಿತು. ಹೊಸ ಪೀಠಕ್ಕೆ ಚಂದಾ ಎತ್ತಬೇಕೆ, ಶಿವಮೊಗ್ಗದಲ್ಲಿ ಮಾಡಿಸಬೇಕೆ ಎಂದು ಎಲ್ಲರೂ ಚರ್ಚಿಸುತ್ತಿರುವಾಗ ನಾನು ಎದ್ದು ನಿಂತೆ.

"ಚಂದಾ ಯಾಕೆ? ಕಬ್ಬಿಣದ್ದು ನಾನೇ ಮಾಡಿಕೊಡ್ತೀನಿ. ಗೆದ್ದಲಪ್ಪನ ಅಪ್ಪ ಬಂದ್ರೂ ಅಲ್ಲಾಡಿಸಕ್ಕಾಗಲ್ಲ. ಹದಿನೈದು ದಿನ ಟೈಮ್ ಕೊಡಿ!"

ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಸುಗುಣ ಹೆಂಗಸರ ಸಾಲಿನಿಂದ ನನ್ನನ್ನು ನೋಡಿದ ನೋಟವಿದೆಯಲ್ಲ, ಹಾಗೆ ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ನೋಡಿದ್ದಳು, ಅಷ್ಟೇ.

ಕಬ್ಬಿಣ ಎಲ್ಲಿಂದ ತರುತ್ತೀಯ ಎಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಫೌಂಡ್ರಿಯಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಇಕ್ಕಳ, ಕಬ್ಬಿಣದ ಸ್ಟೂಲು, ತುಳಸಿ ಕುಂಡದ ಸ್ಟ್ಯಾಂಡು, ದೋಸೆ ಹೆಂಚು ಇವೆಲ್ಲ ತಾವಾಗಿಯೇ ಹುಟ್ಟುತ್ತವೆ. ಅದಕ್ಕೆ ಕದಿಯುವುದು ಎಂಬ ಕೆಟ್ಟ ಪದವನ್ನು ಯಾರೂ ಬಳಸುವುದಿಲ್ಲ. "ತಂದೆ" ಎನ್ನುತ್ತಾರೆ. ಮೇಲಾಗಿ ನಾನು ತರುತ್ತಿದ್ದದ್ದು ದೇವರಿಗೆ. ದೇವರ ಕೆಲಸಕ್ಕೆ ಗೇಟ್ ಪಾಸ್ ಕೇಳುವುದು ದೇವರಿಗೇ ಅವಮಾನ ಎಂಬುದು ನನ್ನ ಅಂದಿನ ದೃಢವಾದ ಅಭಿಪ್ರಾಯ.

ಊಟದ ಬಿಡುವಿನಲ್ಲಿ, ಮತ್ತು ಬಿಡುವಿಲ್ಲದಾಗಲೂ, ಪೀಠ ತಯಾರಾಯಿತು. ಬಿಚ್ಚಿ ಜೋಡಿಸುವಂತೆ ಬೋಲ್ಟ್ ಹಾಕಿದ್ದೆ. ಕಾಲುಗಳನ್ನು ಒಂದೊಂದಾಗಿ ಛತ್ರಿಯೊಳಗೆ ಸೇರಿಸಿಕೊಂಡು ಹೊರಗೆ ತಂದೆ. ಕೊನೆಗೆ ಉಳಿದದ್ದು ಬೈಬಲ್ ಇಡುವ ಮೇಲಿನ ತಗಡು. ಒಂದೂವರೆ ಅಡಿ ಅಗಲ. ಅದನ್ನು ಅಂಗಿಯ ಒಳಗೆ ಬೆನ್ನಿಗೆ ಕಟ್ಟಿಕೊಂಡು, ಮದುವೆ ಗಂಡಿನ ಹಾಗೆ ಸೆಟೆದುಕೊಂಡು ಗೇಟಿಗೆ ಬಂದೆ.

ಗೇಟಿನಲ್ಲಿ ವಾಚ್‌ಮನ್ ರಂಗಪ್ಪ. ಮಿಲಿಟರಿಯಿಂದ ಬಂದವನು, ಒಳ್ಳೆಯ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಮಾರಾಯ, ಬಗ್ಗಕ್ಕೇ ಆಗ್ತಿಲ್ವಲ್ಲ ನಿಂಗೆ! ಬೆನ್ನು ನೋವಾ?"

"ಹೂಂ ರಂಗಪ್ಪ, ಬಹಳ," ಎಂದೆ. ಒಂದು ಸಣ್ಣ ಸುಳ್ಳು. ಗೇಟು ದಾಟಿದ ಮೇಲೆ ಮರೆತೂಬಿಟ್ಟೆ.

ರಂಗಪ್ಪ ಮರೆಯಲಿಲ್ಲ. ಮಾರನೇ ದಿನ ಒಂದು ಬಾಟಲಿ ಎಣ್ಣೆ ತಂದು ನನ್ನ ಕೈಗಿಟ್ಟ. "ನಮ್ಮ ಕಡೆ ನಾಟಿ ವೈದ್ಯರು ಕಾಯಿಸಿ ಕೊಡೋದು. ಮೂರು ದಿನಕ್ಕೆ ಎದ್ದು ಕುಣೀತೀಯ ನೋಡು," ಎಂದ. ಅಷ್ಟಕ್ಕೆ ಬಿಟ್ಟನೇ? ಸಂತೆಯಲ್ಲಿ ಸುಗುಣ ಸಿಕ್ಕಾಗ, "ಅಕ್ಕಾ, ಎಣ್ಣೆ ಹಚ್ಚಿದ್ರಾ? ಪಾಪ, ಬಹಳ ನರಳ್ತಿದ್ದ," ಎಂದು ವಿಚಾರಿಸಿದ. ನನಗೆ ಬೆನ್ನುನೋವೆಂದು ನನ್ನ ಹೆಂಡತಿಗೆ ತಿಳಿದದ್ದು ಹೀಗೆ.

ಸುಗುಣ ಸಂತೆಯಿಂದ ಬಂದವಳೇ ಕಣ್ಣು ತುಂಬಿಕೊಂಡು, "ಹೇಳಬಾರದಾ ರೀ? ಎಲ್ಲ ಒಳಗೇ ನುಂಗ್ಕೊಳ್ತೀರಿ," ಎಂದಳು. ನಾನು ತ್ಯಾಗಮಯವಾಗಿ ನಕ್ಕೆ. ಆಮೇಲೆ ಒಂದು ವಾರ ನಾನು ಅನುಭವಿಸಿದ ಹಿಂಸೆ ಯಾರಿಗೂ ಬೇಡ. ದಿನಾ ಸಂಜೆ ಬೋರಲು ಮಲಗಿಸಿ ಎಣ್ಣೆ ಹಚ್ಚಿದಳು. ಹುರುಳಿ ಹುರಿದು ಬಟ್ಟೆಯಲ್ಲಿ ಕಟ್ಟಿ, ಚುರ್ ಎನ್ನುವಂತೆ ಶಾಖ ಕೊಟ್ಟಳು. ದಿಂಬು ಕಿತ್ತುಕೊಂಡಳು. ಬದನೆಕಾಯಿ, ಆಲೂಗಡ್ಡೆ ವಾಯು ಎಂದು ನಿಲ್ಲಿಸಿದಳು. ನೋವಿಲ್ಲದವನು ನೋವಿಗೆ ಔಷಧಿ ತೆಗೆದುಕೊಳ್ಳುವುದಕ್ಕಿಂತ ದೊಡ್ಡ ನೋವಿಲ್ಲ.

ಅಂತೂ ಪೀಠ ಚರ್ಚಿಗೆ ಬಂತು. ಶಿವಮೊಗ್ಗದ ಕೋಟೆ ಕಡೆಯ ಒಬ್ಬ ಬೋರ್ಡ್ ಪೇಂಟರ್‌ನನ್ನು ಕರೆಸಿ ಸಭೆಗೆ ಕಾಣುವ ಹಾಗೆ ಮುಂಭಾಗದಲ್ಲಿ ನನ್ನ ಹೆಸರು ಬರೆಸಿದೆ: "ದಾನಿಗಳು: ಶ್ರೀ ಎಸ್. ಜಯಶೀಲ ಮತ್ತು ಕುಟುಂಬ." ಅಕ್ಷರ ಸ್ವಲ್ಪ ದೊಡ್ಡದಾಯಿತು ಎಂದು ಪೇಂಟರ್ ಹೇಳಿದ. ವಯಸ್ಸಾದವರಿಗೂ ಕಾಣಬೇಕಲ್ಲ ಎಂದೆ.

ಆ ಭಾನುವಾರ ನಾನು ಹಿಂದಿನ ಬೆಂಚು ಬಿಟ್ಟು ಮೊದಲ ಬೆಂಚಿನಲ್ಲಿ ಕೂತೆ. ದಾವೀದಪ್ಪನವರು ಹೊಸ ಪೀಠದ ಹಿಂದೆ ನಿಂತು, ಅದನ್ನು ಕೈಯಿಂದ ಒಮ್ಮೆ ತಟ್ಟಿದರು. ಠಣ್ ಎಂದಿತು.

"ಚೆನ್ನಾಗಿದೆ. ಗಟ್ಟಿಯಾಗಿದೆ," ಎಂದರು. ಆಮೇಲೆ ಕೇಳಿದರು, "ದೇವರಿದ್ದಾನೆ ಅಂತ ಎಲ್ರೂ ನಂಬ್ತೀರಲ್ವಾ?"

"ನಂಬ್ತೀವಿ," ಎಂದೆವು. ನನ್ನದೇ ದೊಡ್ಡ ದನಿ.

"ಯಾರಾದ್ರೂ ನೋಡಿದ್ದೀರಾ?"

"ಇಲ್ಲ."

"ನೋಡದೇ ಇದ್ರೂ ನಂಬ್ತೀರಿ. ದೊಡ್ಡ ಮಾತು. ಸರಿ, ಗೇಟಲ್ಲಿ ವಾಚ್‌ಮನ್ ಇದ್ದಾನೆ ಅಂತ ನಂಬ್ತೀರಾ?"

ಜನ ನಕ್ಕರು. ನಾನು ಅರ್ಧ ನಕ್ಕೆ.

"ವಾಚ್‌ಮನ್ ಈ ಕಡೆ ನೋಡಿದ್ರೆ ನಾವು ಒಂಥರಾ ನಡೀತೀವಿ. ಅವನು ಆ ಕಡೆ ತಿರುಗಿದ್ರೆ ಇನ್ನೊಂಥರಾ ನಡೀತೀವಿ." ಠಣ್. "ದೇವರು ಯಾವಾಗ ಆ ಕಡೆ ತಿರುಗ್ತಾನೆ ಅಂತ ಯಾರಿಗಾದ್ರೂ ಗೊತ್ತಾ?" ಠಣ್. "ಹಾಗಾದ್ರೆ ಯೋಚ್ನೆ ಮಾಡಿ. ನಾವು ನಿಜವಾಗಿ ನಂಬಿರೋದು ಯಾರನ್ನ? ದೇವರನ್ನೋ, ವಾಚ್‌ಮನ್‌ನನ್ನೋ?" ಠಣ್!

ಒಂದೊಂದು ಠಣ್ಣಿಗೂ ನನ್ನ ಬೆನ್ನಿನಲ್ಲಿ ಏನೋ ಕಂಪಿಸಿತು. ಸಭೆಯಲ್ಲಿದ್ದ ಅರ್ಧಕ್ಕರ್ಧ ಗಂಡಸರು ಒಂದಲ್ಲ ಒಂದು ಫ್ಯಾಕ್ಟರಿಯವರೇ. ಎಲ್ಲರೂ ತಮ್ಮ ತಮ್ಮ ಚಪ್ಪಲಿಗಳನ್ನು ಪರೀಕ್ಷಿಸುತ್ತಿದ್ದರು.

ಆದರೆ ಉಪದೇಶಿಗಳು ನಮ್ಮನ್ನು ಬೈಯಲಿಲ್ಲ. ತಮ್ಮ ಕಥೆ ಹೇಳಿದರು. ಪೋಸ್ಟ್‌ಮನ್ ಆಗಿದ್ದಾಗ ಒಂದು ದಿನ, ದೂರದ ತೋಟದ ಮನೆಗೆ ಒಂದೇ ಒಂದು ಕಾರ್ಡು ಇತ್ತಂತೆ. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರಂತೆ. "ಯಾರೂ ನೋಡಲಿಲ್ಲ. ಮಾರನೇ ದಿನ ಕೊಟ್ಟೆ. ತಾಯಿಗೆ ಹುಷಾರಿಲ್ಲ ಬಾ ಅಂತ ಇತ್ತು ಅದ್ರಲ್ಲಿ. ಆ ಹೆಣ್ಣುಮಗಳು ನನ್ನ ಬೈಯಲಿಲ್ಲ. ನಿನ್ನೆ ಬಂದಿದ್ರೆ ಸಂಜೆ ಬಸ್ಸಿಗೆ ಹೋಗ್ತಿದ್ದೆ ಅಣ್ಣ, ಅಂದ್ಲು. ಅಷ್ಟೇ ಅಂದಿದ್ದು." ಆಗ ಅವರು ಪೀಠವನ್ನು ತಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷವಾದ ಮೇಲೆ, ಯಾರಿಗೂ ಗೊತ್ತಿಲ್ಲದ ಒಂದು ತಪ್ಪನ್ನು ನೂರು ಜನರ ಮುಂದೆ ಹಾಗೆ ಸರಳವಾಗಿ ಹೇಳಿಕೊಳ್ಳುವ ಮನುಷ್ಯನನ್ನು ನಾನು ಆವರೆಗೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಮನೆಗೆ ಬಂದು ಊಟಕ್ಕೆ ಕೂತೆ. ಸುಗುಣ ಅನ್ನ ಬಡಿಸಿದಳು. ಸಾರು ಬಡಿಸಲಿಲ್ಲ.

"ರೀ, ಒಂದು ಮಾತು. ಆ ಪೀಠದ ಮೇಲಿನ ತಗಡು ಎಷ್ಟು ಅಗಲ?"

"ಒಂದೂವರೆ ಅಡಿ."

"ನಿಮ್ಮ ಬೆನ್ನು?"

ಅವಳು ಸಾರಿನ ಪಾತ್ರೆ ಕೆಳಗಿಟ್ಟಳು. "ಒಂದು ವಾರ ಕೈ ಬೀಳೋ ಹಾಗೆ ತಿಕ್ಕಿದೀನಲ್ರೀ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನಾನು ವೀರಾವೇಶದಿಂದ ಪ್ರತಿಜ್ಞೆ ಮಾಡಿದೆ: ನಾಳೆಯೇ ಪೀಠವನ್ನು ಫೌಂಡ್ರಿಗೆ ವಾಪಸ್ ಇಟ್ಟುಬರುತ್ತೇನೆ. ಹೇಗೆ ಬಂತೋ ಹಾಗೆಯೇ ಸದ್ದಿಲ್ಲದೆ ಹೋಗಲಿ. "ಸುಮ್ನೆ ಇಟ್ಟು ಬರೋದಲ್ಲ, ಮಾಲೀಕರಿಗೆ ಹೇಳಿ ಕೊಡಿ," ಎಂದಳು ಸುಗುಣ. ಸೋಮವಾರ ಮುಂಜಾನೆ ನನ್ನ ಕೀಯಿಂದ ಚರ್ಚಿನ ಬಾಗಿಲು ತೆಗೆದು, ಪೀಠವನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೊರಟೆ. ಇಲ್ಲೇ ನಾನು ಒಂದು ಐತಿಹಾಸಿಕ ಸತ್ಯವನ್ನು ಮರೆತಿದ್ದೆ. ಫೌಂಡ್ರಿಯಿಂದ ಕಬ್ಬಿಣ ಹೊರಗೆ ಹೋಗಲು ನೂರು ದಾರಿಗಳಿವೆ. ಒಳಗೆ ಹೋಗಲು ಒಂದೂ ಇಲ್ಲ!

"ಚಲನ್ ಎಲ್ಲಿ?" ಎಂದ ರಂಗಪ್ಪ.

"ಚಲನ್ ಇಲ್ಲ ಮಾರಾಯ. ಸುಮ್ನೆ ಒಳಗೆ ಇಟ್ಟು ಬಂದುಬಿಡ್ತೀನಿ."

"ಚಲನ್ ಇಲ್ದೆ ಒಂದು ಬೋಲ್ಟೂ ಒಳಗೆ ಬಿಡಲ್ಲ. ರಿಜಿಸ್ಟರ್‌ನಲ್ಲಿ ಏನಂತ ಬರೀಲಿ? ಎಲ್ಲಿಂದ ಬಂತು ಇದು?"

ಎಲ್ಲಿಂದ ಬಂತೆಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ರಂಗಪ್ಪನ ಕಣ್ಣು ಪೀಠದ ಮುಂಭಾಗಕ್ಕೆ ಹೋಯಿತು. ಅಕ್ಷರ ದೊಡ್ಡದಾಗಿತ್ತಲ್ಲ! ಜೋರಾಗಿ ಓದಿದ. ಅವನ ಮುಖ ಅರಳಿತು. "ಅಯ್ಯೋ, ಕಂಪನಿಗೆ ದಾನ ಕೊಡ್ತಿದ್ದೀಯಾ! ಆಯುಧ ಪೂಜೆಗಾ? ಮೊದಲೇ ಹೇಳಬಾರದಾ ಮಾರಾಯ!" ಎಂದವನೇ ಆಫೀಸಿಗೆ ಓಡಿದ.

ಮಾಲೀಕರು ಶಂಕರಪ್ಪನವರು ಹೊರಗೆ ಬಂದರು. ಪೀಠವನ್ನು ಸುತ್ತಿ ನೋಡಿದರು. ವೆಲ್ಡಿಂಗ್ ಮೇಲೆ ಬೆರಳಾಡಿಸಿ, "ಎಂಥಾ ಕೆಲಸ!" ಎಂದರು. ನಲವತ್ತು ಜನ ಕೆಲಸಗಾರರನ್ನು ಅಂಗಳಕ್ಕೆ ಕರೆಸಿದರು. "ಇಷ್ಟು ವರ್ಷದಲ್ಲಿ ಎಲ್ರೂ ನನ್ನನ್ನ ಕೇಳಿದವರೇ. ಕಂಪನಿಗೆ ಏನಾದ್ರೂ ಕೊಡೋಣ ಅಂತ ಅನ್ನಿಸಿದ್ದು ಇವನೊಬ್ಬನಿಗೆ," ಎಂದರು. ಆಫೀಸಿನ ದೇವರ ಫೋಟೋಗೆಂದು ಬಂದಿದ್ದ ಎರಡು ಹಾರಗಳಲ್ಲಿ ಒಂದನ್ನು ನನ್ನ ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪೀಠ ಯಾವ ಕಬ್ಬಿಣದಲ್ಲಿ, ಯಾವ ಹೊತ್ತಿನಲ್ಲಿ ತಯಾರಾಯಿತು ಎಂದು ಕಣ್ಣಾರೆ ಕಂಡಿದ್ದ ನಮ್ಮ ಸೆಕ್ಷನ್ನಿನವರ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು.

ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಕೈಮುಗಿದೆ.

ಸಂಜೆ ಸುಗುಣ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದ್ರಾ?"

"ಹೇಳೋಕೆ ಹೋದೆ..."

"ಕೊರಳಲ್ಲಿ ಏನದು?"

"ಹಾರ."

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಭಾನುವಾರ ಬಿಟ್ಟರೆ ಚರ್ಚಿನ ಬಾಗಿಲು ತೆಗೆಯುತ್ತಿದ್ದದ್ದು ಬುಧವಾರ ಸಂಜೆಯ ಪ್ರಾರ್ಥನೆಗೆ ಮಾತ್ರ. ಅವತ್ತು ಜನ ಸೇರಿದಾಗ ಪೀಠ ಇಲ್ಲ! ದೊಡ್ಡ ಗದ್ದಲವಾಯಿತು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಹಾಗಾದರೆ ಕೀ ಇದ್ದವರೇ ತೆಗೆದಿರಬೇಕು. ಕೀ ಇರುವುದು ಇಬ್ಬರ ಹತ್ತಿರ. ಅವರಲ್ಲಿ ಒಬ್ಬರು ದಾನ ಮಾಡಿದ ಪುಣ್ಯಾತ್ಮರು. ಉಳಿದವನು ಅಂತೋಣಿ.

"ಗುಜರಿಗೆ ಹಾಕಿರ್ತಾನೆ," ಎಂದರು ಕಮಿಟಿಯ ಒಬ್ಬರು. "ಸೆಕ್ರೆಟರಿಗಳೇ, ಪೊಲೀಸ್ ಕಂಪ್ಲೇಂಟ್ ಬರೀರಿ."

ನನ್ನ ಮುಂದೆ ಬಿಳಿ ಹಾಳೆ ಬಂತು. ಪೆನ್ನು ಬಂತು. ನಾನು ಕದ್ದು ತಂದ ವಸ್ತುವನ್ನು, ನಾನೇ ಕದ್ದು ವಾಪಸ್ ಕೊಟ್ಟ ಬಗ್ಗೆ, ನಾನೇ ದೂರು ಬರೆಯಬೇಕಾಗಿತ್ತು. ಅಭ್ಯಾಸಬಲದಿಂದ "ಮಾನ್ಯರೇ" ಎಂದು ಬರೆದೂಬಿಟ್ಟೆ.

ಅಂತೋಣಿ ಜಗಳವಾಡಲಿಲ್ಲ. ಸೊಂಟದಿಂದ ಕೀ ಬಿಚ್ಚಿ ಮೇಜಿನ ಮೇಲಿಟ್ಟ. "ನಾನು ತಗೊಂಡಿಲ್ಲ ಸಾಮಿ. ಆದ್ರೆ ಅನುಮಾನ ಬಂದ ಮೇಲೆ ಇದು ನನ್ ಹತ್ರ ಇರಬಾರ್ದು," ಎಂದ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ನಾನು ಎದ್ದು ನಿಂತೆ. ಛತ್ರಿಯಿಂದ ಹಿಡಿದು ಹಾರದವರೆಗೆ ಎಲ್ಲ ಹೇಳಿದೆ. ಬೆನ್ನುನೋವನ್ನೂ ಬಿಡಲಿಲ್ಲ.

ಯಾರೋ ಕೆಮ್ಮಿದರು. ದಾವೀದಪ್ಪನವರು ಎದ್ದು ಬಂದು, ಮೇಜಿನ ಮೇಲಿನ ಕೀಯನ್ನು ಎರಡೂ ಕೈಯಲ್ಲಿ ತೆಗೆದು ಅಂತೋಣಿಗೆ ಕೊಟ್ಟರು. "ನಮ್ಮನ್ನ ಕ್ಷಮಿಸಿಬಿಡು ಅಂತೋಣಿ," ಎಂದರು. ತಪ್ಪು ನನ್ನದು, ಕ್ಷಮೆ ಕೇಳಿದವರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಮಾಲೀಕರ ಮನೆಗೆ ಹೋಗೋಣ. ನಾನೂ ಬರ್ತೀನಿ," ಎಂದರು.

"ನಿಮಗ್ಯಾಕೆ ತೊಂದ್ರೆ? ನಾನೊಬ್ಬನೇ ಹೋಗ್ತೀನಿ."

"ಒಬ್ರೇ ಹೋದ್ರೆ ಅರ್ಧ ದಾರೀಲಿ ಬಸ್ ಇಳಿದುಬಿಡ್ತೀರಿ," ಎಂದರು. ನನ್ನನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ.

ಬಸ್ಸಿನಲ್ಲಿ ಕೇಳಿದೆ, "ಅವತ್ತು ಪ್ರಸಂಗ ಮಾಡುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿದ್ರೆ ಆ ಮಾತು ಎತ್ತುತ್ತಲೇ ಇರಲಿಲ್ಲ. ಎಲ್ಲರ ಮುಂದೆ ನಿಮ್ಮನ್ನ ನಿಲ್ಲಿಸಿದ ಹಾಗೆ ಆಗೋದು. ಮನೆಗೆ ಬಂದು ಹೇಳ್ತಿದ್ದೆ," ಎಂದರು. ಟಿಕೆಟ್ ಮಡಚಿ ಜೇಬಿಗಿಟ್ಟು, "ಅವತ್ತು ನಾನು ನನ್ನ ಕಾರ್ಡಿನ ವಿಷ್ಯ ಹೇಳ್ಕೊಳ್ಳೋಕೆ ನಿಂತಿದ್ದು. ಬಹಳ ದಿನದಿಂದ ಧೈರ್ಯ ಸಾಲ್ತಿರಲಿಲ್ಲ. ಪೀಠ ಗಟ್ಟಿಯಾಗಿತ್ತು, ಹಿಡ್ಕೊಂಡು ಹೇಳಿಬಿಟ್ಟೆ," ಎಂದರು.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಶಂಕರಪ್ಪನವರ ಮನೆ. ಕಾಫಿ ಬಂತು. ನಾನು ಕಾಫಿ ಮುಟ್ಟದೆ ಎಲ್ಲವನ್ನೂ ಒಪ್ಪಿಸಿದೆ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದ್ದೆ. ಅವರು ತಮ್ಮ ಕಾಫಿ ಲೋಟ ಕೆಳಗಿಟ್ಟು ಒಂದೊಂದೇ ಬೆರಳು ಮಡಚಿದರು.

"ಕಬ್ಬಿಣ ನಂದು. ಕರೆಂಟು ನಂದು. ವೆಲ್ಡಿಂಗ್ ರಾಡು ನಂದು. ನಿನ್ನ ಆ ಹೊತ್ತೂ ನಂದೇ. ಅದ್ರಲ್ಲಿ ನಿಂದು ಅಂತ ಏನಿದೆಯೋ?"

"ಹೆಸರು ಮಾತ್ರ ಸಾರ್," ಎಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. ದಾವೀದಪ್ಪನವರೂ ನಕ್ಕರು. ಕಾಫಿ ಆರಿದ್ದರೂ ನಾನೂ ಕುಡಿದೆ. "ಹಾಗಾದ್ರೆ ಹೆಸರು ಅಳಿಸು. ಉಳಿದದ್ದು ತಗೊಂಡು ಹೋಗಿ ಚರ್ಚಲ್ಲಿಡು, ಗೇಟ್ ಪಾಸ್ ಬರೆದುಕೊಡ್ತೀನಿ. ನನ್ನ ಹೆಸರೂ ಬೇಡ," ಎಂದರು ಶಂಕರಪ್ಪನವರು. "ಒಂದು ತಿಂಗಳು ಊಟದ ಬಿಡುವಲ್ಲಿ ಸ್ಕ್ರ್ಯಾಪ್ ಜೋಡಿಸ್ಬೇಕು. ಮತ್ತೆ, ರಂಗಪ್ಪನಿಗೆ ನೀನೇ ಹೇಳ್ಬೇಕು."

ಮಾಲೀಕರಿಗೆ ಹೇಳಿದ್ದಕ್ಕಿಂತ ರಂಗಪ್ಪನಿಗೆ ಹೇಳುವುದು ಕಷ್ಟವಾಯಿತು. ಶನಿವಾರ ಬೆಳಿಗ್ಗೆ, ಹೆಸರು ಉಜ್ಜಿ ಅಳಿಸಿದ ಪೀಠದೊಂದಿಗೆ ಗೇಟಿನಲ್ಲಿ ನಿಂತು, ಅರ್ಧ ಉಳಿದಿದ್ದ ಎಣ್ಣೆ ಬಾಟಲಿಯನ್ನು ಅವನ ಕೈಗಿಟ್ಟು ವಿಷಯ ಹೇಳಿದೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡಿದ.

"ಇದು ನಮ್ಮನೆಯವಳ ಮಂಡಿಗೆ ಅಂತ ತರಿಸಿದ್ದು ಕಣೋ. ನಿನ್ನ ನೋಡಿ ಪಾಪ ಅನ್ನಿಸ್ತು," ಎಂದ. ಅವನು ಗೇಟ್ ಪಾಸನ್ನು ಎರಡು ಸಲ ಓದಿ, ರಿಜಿಸ್ಟರ್‌ನಲ್ಲಿ ಬರೆದು, ಗೇಟು ತೆಗೆದ. ನನ್ನ ಜೀವನದಲ್ಲಿ ನಾನು ಆ ಗೇಟಿನಿಂದ ರಾಜಮಾರ್ಗವಾಗಿ ಹೊರಗೆ ತಂದ ಮೊದಲ ಕಬ್ಬಿಣ ಅದು.

ಆಟೋ ಚರ್ಚಿನ ಮುಂದೆ ನಿಂತಾಗ ನನ್ನ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಪೀಠವೂ ಹಗುರಾಗಿರಬೇಕು ಎಂದುಕೊಂಡೆ. ಅಂತೋಣಿ, "ಇರಿ ಸಾಮಿ, ನಾನೊಂದು ಕಡೆ ಹಿಡೀತೀನಿ," ಎಂದ. "ಬೇಡ ಅಂತೋಣಿ, ಇದು ನಾನೇ ಹೊರಬೇಕಾದ ಭಾರ!" ಎಂದು ಪ್ರಸಂಗದ ಧಾಟಿಯಲ್ಲಿ ಹೇಳಿ ಬೆನ್ನ ಮೇಲೆ ಹೊತ್ತೆ. ಮೂರನೇ ಮೆಟ್ಟಿಲಲ್ಲಿ ಸೊಂಟದ ಹತ್ತಿರ ಕಟ್ ಎಂದಿತು.

ಭಾನುವಾರ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದೆ. "ಸುಗುಣಾ, ಬೆನ್ನು ನೋವು ಕಣೇ. ಪ್ರಾಣ ಹೋಗ್ತಿದೆ," ಎಂದೆ.

ಅವಳು ಕನ್ನಡಿ ಮುಂದೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ, "ಈ ಸಲ ಏನ್ ತಂದಿದ್ದೀರಿ?" ಎಂದು ಕೇಳಿ, ಬೈಬಲ್ ತೆಗೆದುಕೊಂಡು ಚರ್ಚಿಗೆ ಹೋದಳು.

ನಾನೊಬ್ಬನೇ ಬೋರಲು ಮಲಗಿದ್ದೆ. ಬೀದಿಯ ಕೊನೆಯಿಂದ ಅಂತೋಣಿಯ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮೈಕಿನಲ್ಲಿ ದಾವೀದಪ್ಪನವರ ಮೆತ್ತನೆಯ ದನಿ, ನಡುವೆ ಠಣ್ ಎನ್ನುವ ಸದ್ದು. ನನಗೆ ನಿಜವಾಗಿಯೂ ನೋವಾಗುತ್ತಿದೆ ಎಂದು ಆಗ ನಂಬುತ್ತಿದ್ದವನು ಇಡೀ ಭದ್ರಾವತಿಯಲ್ಲಿ ದೇವರೊಬ್ಬನೇ. ಇನ್ನು ಎಣ್ಣೆ ಬಾಟಲಿ? ಅದನ್ನು ನಾನು ಹಿಂದಿನ ದಿನವಷ್ಟೇ ಪ್ರಾಮಾಣಿಕವಾಗಿ ವಾಪಸ್ ಕೊಟ್ಟು ಬಂದಿದ್ದೆ!